ಅಕ್ಕನ ಮನೆ ಜಗಲಿ

ಅಕ್ಕ ಫೋನು ಮಾಡಿದ್ದು ದೀಪ ಹಚ್ಚೋ ಹೊತ್ತಿಗೆ. ಆ ಹೊತ್ತಲ್ಲಿ ಅವಳು ಮಾಡೋದೇ ಇಲ್ಲ. ಸಂಜೆ ಆರು ಹೊಡೆದ್ರೆ ಅವಳ ಮನೆ ಮುಂದಿನ ಗಲಾಟೆಗೆ ಮಾತೇ ಕೇಳ್ಸಲ್ಲ. ಬಚ್ಚಲ ಮನೆ ಬಾಗಿಲು ಹಾಕ್ಕಂಡು ಒಳಗಿಂದ ಮಾತಾಡ್ತಿದ್ಲು ಅಂತ ಆಮೇಲೆ ಗೊತ್ತಾಯ್ತು.

"ಜಗ್ಲಿ ಬಾಡ್ಗೆಗೆ ಕೇಳ್ತಾವ್ರೆ ಕಣೆ. ಬಜ್ಜಿ ಅಂಗ್ಡಿ ಇಡಕ್ಕೆ. ನಿಮ್ ಬಾವಂಗೆ ಇನ್ನೂ ಹೇಳಿಲ್ಲ. ನೀನೊಂದ್ಸಲ ಬಂದೋಗು" ಅಂದ್ಲು.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡೋಳು. ನಮ್ಮ ತವರು ಅರಕಲಗೂಡು. ನನ್ನನ್ನ ಹೊಳೆನರಸೀಪುರಕ್ಕೆ ಕೊಟ್ರು, ಅವಳನ್ನ ಬೆಂಗಳೂರಿಗೆ ಕೊಟ್ರು. ಅವಳ ಮನೆ ಇರೋದು ವಿ.ವಿ. ಪುರಂ, ಸಜ್ಜನ್‌ರಾವ್ ಸರ್ಕಲ್ ಹತ್ರ. ಈಗ ಊರೆಲ್ಲ 'ಫುಡ್ ಸ್ಟ್ರೀಟ್', 'ತಿಂಡಿ ಬೀದಿ' ಅಂತಾರಲ್ಲ, ಆ ಬೀದಿಗೆ ಬಂದು ಸೇರೋ ಅಡ್ಡರಸ್ತೆಯಲ್ಲಿ ಮೂರನೇ ಮನೆ. ಬಾವ ಚಿಕ್ಕಪೇಟೆಯ ಪಾತ್ರೆ ಅಂಗಡಿಲಿ ಮೂವತ್ತೈದು ವರ್ಷ ಲೆಕ್ಕ ಬರೆದೋರು. ಎರಡು ವರ್ಷದಿಂದ ಅವರಿಗೆ ವಾರಕ್ಕೆರಡು ಸಲ ಡಯಾಲಿಸಿಸ್.

ಮಾರನೇ ದಿನವೇ ಹೊರಟೆ. ಮಾಗಿ ಚಳಿ, ಸೊಗಡವರೆ ಕಾಲ. ಅರಕಲಗೂಡಿಂದ ತಮ್ಮ ಕಳಿಸಿದ್ದ ಒಂದು ಚೀಲ ಅವರೆಕಾಯಿ ಕಟ್ಕಂಡು, ನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಬಂದು ಬೆಂಗಳೂರು ಬಸ್ಸು ಹತ್ತಿದೆ. ಬೈಪಾಸ್ ಆಗೋ ಮುಂಚೆ ಚನ್ನರಾಯಪಟ್ಟಣದಲ್ಲಿ ಊರೊಳಗೇ ಎಲ್ಲ ಗಾಡಿಗಳೂ ಹೋಗ್ತಿದ್ವು. ಕಾಫಿಗೆ, ಇಡ್ಲಿಗೆ ಜನ ಅಲ್ಲೇ ಇಳೀತಿದ್ರು. ರಸ್ತೆ ಆಚೆಗೆ ಹೋದ್ಮೇಲೆ ಕಾರಿನೋರು ತಿನ್ನೋ ಜಾಗವೂ ಆಚೆಗೇ ಹೋಯ್ತು. ತಿಂಡಿ ಅಂಗಡಿ ಹುಟ್ಟೋದು ಕಾಲು ನಿಲ್ಲೋ ಕಡೆ. ಇದು ನನಗೆ ಬಸ್ಸಲ್ಲಿ ಕೂತು ಹೊಳೆದದ್ದು. ಹಾಗಾದ್ರೆ ಅಕ್ಕನ ಬೀದೀಲಿ ಇಷ್ಟೊಂದು ಕಾಲು ಯಾಕೆ ನಿಂತ್ವು?

ನಾನು ಆ ಮನೇನ ಮೊದಲು ಸರಿಯಾಗಿ ನೋಡಿದ್ದು 1987ರಲ್ಲಿ, ಪಿಯುಸಿ ಪರೀಕ್ಷೆ ಬರೆದು ರಜಕ್ಕೆ ಹೋದಾಗ. ಬಾಗಿಲಿನ ಎರಡೂ ಕಡೆ ಕೆಂಪು ಗಾರೆ ಜಗಲಿ. ಬೆಳಿಗ್ಗೆ ಎಡಗಡೆ ಬಿಸಿಲು ಬರೋದು, ಸಂಜೆ ಬಲಗಡೆ. ಅಕ್ಕ ಹೂವು ಕಟ್ಟೋಳು, ಬಾವನ ಅಮ್ಮ ಅಕ್ಕಿ ಆರಿಸೋರು, ನಾನು ದಾರೀಲಿ ಹೋಗೋರ ಸೀರೆ ನೋಡ್ಕಂಡು ಕೂರ್ತಿದ್ದೆ. ಹೋಗೋರು ಬರೋರಿಗೆ ಅಲ್ಲಿ ಕಮ್ಮಿ ಇರ್ಲಿಲ್ಲ. ಸರ್ಕಲ್‌ನಲ್ಲಿ ಸುಬ್ರಹ್ಮಣ್ಯನ ಗುಡಿ. ಸುತ್ತ ಮದುವೆ ಛತ್ರಗಳು. ಒಂದ್ಕಡೆ ನಡೆದ್ರೆ ಲಾಲ್‌ಬಾಗು, ಇನ್ನೊಂದ್ಕಡೆ ನಡೆದ್ರೆ ನ್ಯಾಷನಲ್ ಕಾಲೇಜು. ಗುಡಿಗೆ ಬಂದೋರು, ಮದುವೆಗೆ ಬಂದೋರು, ಕಾಲೇಜು ಹುಡುಗ್ರು, ಸಂಜೆ ವಾಕಿಂಗು ಹೋಗೋ ಯಜಮಾನ್ರು. ಎಲ್ರೂ ನಡ್ಕಂಡು ಓಡಾಡೋರೇ. ನಡೆಯೋನಿಗೆ ಹಸಿವೂ ಆಗುತ್ತೆ, ಅವನು ನಿಲ್ಲೋದೂ ಸುಲಭ.

ಅಲ್ಲಿ ಸುತ್ತಲ ಜನಕ್ಕೆ ಹೊರಗೆ ತಿನ್ನೋ ರೂಢಿಯೂ ಹಳೇದೇ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಶುರುವಾಗಿದ್ದು 1924ರಲ್ಲಿ, ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ. ಆದ್ರೆ ಅವು ಒಳಗೆ ಹೋಗಿ ಕೂತು ತಿನ್ನೋ ಜಾಗ. ಅಕ್ಕನ ಬೀದಿ ಬಾಯಲ್ಲಿ ಇದ್ದಿದ್ದು ವಿ.ಬಿ. ಬೇಕರಿ, 1953ರಿಂದ ಅಲ್ಲೇ ಇದೆ. ಕಾಗದದಲ್ಲಿ ಖಾರದ ಬನ್ನು ಇಸ್ಕಂಡು ಅಂಗಡಿ ಮುಂದೆ ನಿಂತೇ ತಿನ್ನೋದು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ನಮ್ಮ ಹಾಸನದ ಕಡೆಯೇ ಅನ್ನೋದು ನಿಮಗೂ ಗೊತ್ತಿರ್ಬೇಕು. 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ತಿರುಮಲಾಚಾರ್ ಅವರು ಹಾಸನದೋರು. ಅವರಾದ್ಮೇಲೆ ನಮ್ಮ ಕಡೆ ಎಷ್ಟು ಹಳ್ಳಿ ಹುಡುಗ್ರು ಬೆಂಗಳೂರಿಗೆ ಹೋಗಿ ಒಲೆ ಮುಂದೆ ನಿಂತ್ರೋ. ಅದಕ್ಕೇ ಬೇಕರಿ ವಾಸನೆ ಬಂದ್ರೆ ನಮ್ಮೋರ ಮನೆ ಹತ್ರ ಬಂದಂಗೇ ಅನ್ಸೋದು ನನಗೆ.

ಒಂದು ಅಂಗಡಿ ಮುಂದೆ ಜನ ನಿಂತ್ರೆ ಪಕ್ಕದಲ್ಲಿ ಇನ್ನೊಂದು ಬರುತ್ತೆ. ಸಂತೇಲಿ ನೋಡಿ, ಈರುಳ್ಳಿಯೋರೆಲ್ಲ ಒಂದೇ ಸಾಲಲ್ಲಿ ಕೂರ್ತಾರೆ. ಒಬ್ಬರ ವ್ಯಾಪಾರ ಇನ್ನೊಬ್ಬರು ಕಿತ್ಕೊಳ್ತಾರೇನೋ ಅನ್ಸುತ್ತೆ, ಆದ್ರೆ ಈರುಳ್ಳಿ ಬೇಕಾದೋರೆಲ್ಲ ಆ ಸಾಲಿಗೇ ಬರ್ತಾರಲ್ಲ, ಎಲ್ರಿಗೂ ಒಂದಷ್ಟು ಆಗುತ್ತೆ. ತಿಂಡಿಗಾದ್ರೆ ಇದು ಇನ್ನೂ ಜಾಸ್ತಿ. ಇಲ್ಲಿ ಪಡ್ಡು ತಿಂದೋನು ಅಲ್ಲಿ ಹೋಳಿಗೆ ತಿಂತಾನೆ, ಕೊನೆಗೆ ಗುಲ್ಕನ್ನಿಗೆ ಬೆಣ್ಣೆ ಹಾಕಿಸ್ಕಂಡು ಬಾಯಿ ಸಿಹಿ ಮಾಡ್ಕಂಡು ಹೋಗ್ತಾನೆ. ಒಂದೇ ಅಂಗಡಿ ಇದ್ದಿದ್ರೆ ಅಷ್ಟು ದೂರದಿಂದ ಬರ್ತಿರ್ಲಿಲ್ಲ.

ಬಾವ ಇದನ್ನ ಲೆಕ್ಕದೋರ ಹಂಗೆ ಹೇಳ್ತಾರೆ. "ನೋಡಮ್ಮ, ಒಂದು ಹೋಟ್ಲು ಮಾಡ್ಬೇಕು ಅಂದ್ರೆ ಏನೇನು ಬೇಕು? ಅಡ್ಗೆ ಮನೆ, ಮೇಜು, ಕುರ್ಚಿ, ಕೈ ತೊಳ್ಯಕ್ಕೆ ನೀರು, ಗಾಡಿ ನಿಲ್ಸಕ್ಕೆ ಜಾಗ, ಎಲೆ ಬಿಸಾಕಕ್ಕೆ ತೊಟ್ಟಿ. ಇಲ್ಲಿ ಒಬ್ಬೊಬ್ಬನ ಹತ್ರ ಒಂದೊಂದು ಬಾಣ್ಲೆ ಇದೆ. ಬಾಕಿದೆಲ್ಲ ಯಾರು ಕೊಡ್ತಾರೆ?" ಅಂತ ಕೇಳಿ, ತಾವೇ ಬಾಗಿಲ ಕಡೆ ಕೈ ತೋರಿಸ್ತಾರೆ. ಮೇಜು ಅಂದ್ರೆ ಇವರ ಕಾಂಪೌಂಡು. ಕುರ್ಚಿ ಅಂದ್ರೆ ಇವರ ಜಗಲಿ. ಗಾಡಿ ಜಾಗ ಇವರ ಗೇಟು. ತೊಟ್ಟಿ ಇವರ ಪಾರಿಜಾತದ ಗಿಡದ ಬುಡ.

ಹೆಸರು ದೊಡ್ಡದಾಗಿದ್ದು ಅವರೆ ಮೇಳದಿಂದ. 2000ನೇ ಇಸವಿ ಆಸುಪಾಸಿನಲ್ಲಿ ವಾಸವಿ ಕಾಂಡಿಮೆಂಟ್ಸ್‌ನೋರು ಜನವರಿಯಲ್ಲಿ ಅದನ್ನ ಶುರು ಮಾಡಿದ್ರು. ಮಾಗಡಿ ಕಡೆ ರೈತರ ಅವರೆಕಾಯಿ ಬರೋದು. ಹಿತ್ಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅಕ್ಕಿರೊಟ್ಟಿ, ದೋಸೆ ಇರ್ಲಿ, ಜಿಲೇಬಿ, ಹೋಳಿಗೆಗೂ ಅವರೆಬೇಳೆ ಬಂತು. ನಮ್ಮಲ್ಲಿ ಅವರೆಕಾಳು ಹಿತ್ಕೋದು ಅಂದ್ರೆ ಮನೆಮಂದಿಯೆಲ್ಲ ರಾತ್ರಿ ಕೂತು ಮಾಡೋ ಕೆಲಸ. ಇಬ್ಬನಿ ಬಿದ್ದಷ್ಟೂ ಸೊಗಡು, ಕೈಯೆಲ್ಲ ಅಂಟಂಟು, ಎರಡು ದಿನ ವಾಸನೆ ಹೋಗಲ್ಲ. ಪಟ್ಟಣದಲ್ಲಿ ಗಂಡ ಹೆಂಡ್ತಿ ಇಬ್ರೂ ಕೆಲಸಕ್ಕೆ ಹೋಗೋ ಮನೇಲಿ ಯಾರು ಹಿತುಕ್ತಾರೆ? ಬಿಡಿಸಿ, ಹಿತ್ಕಿ, ಬೇಯಿಸಿ ಕೊಡ್ತೀವಿ ಅಂದ್ರೆ ಜನ ಮುಗಿಬೀಳದೆ ಇರ್ತಾರಾ? ತಿಂಡಿಗಿಂತ ಅವ್ವನ ಮನೆ ರಾತ್ರಿಗಳ ನೆನಪನ್ನೇ ಅಲ್ಲಿ ಮಾರ್ತಿದ್ರು ಅನ್ಸುತ್ತೆ. ಮೇಳಕ್ಕೆ ಜಾಗ ಸಾಲದೆ 2023ರಲ್ಲಿ ನ್ಯಾಷನಲ್ ಕಾಲೇಜ್ ಮೈದಾನಕ್ಕೆ ಹೋಯ್ತು. ಆದ್ರೆ ಬಂದು ಬಂದು ರೂಢಿಯಾದ ಕಾಲು ಬೀದೀನ ಬಿಡ್ಲಿಲ್ಲ. 2017ರಲ್ಲಿ ಮೆಟ್ರೋ ಬೇರೆ ಬಂದಿತ್ತಲ್ಲ, ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದ್ರೆ ನಡೆಯೋ ದೂರ.

ಹಾಸನಾಂಬೆ ಬಾಗಿಲು ತೆಗೆದಾಗ ನಮ್ಮ ಹಾಸನದಲ್ಲೂ ಗುಡಿ ಸುತ್ತ ಬೀದಿ ತುಂಬ ತಿಂಡಿ ಗಾಡಿಗಳೇ. ಆದ್ರೆ ಅಮ್ಮನೋರ ಬಾಗಿಲು ಹಾಕ್ತಿದ್ದಂಗೆ ಜಾತ್ರೆ ಮುಗೀತು, ಆ ಬೀದಿಯೋರು ಒಂದು ವರ್ಷ ನಿದ್ದೆ ಮಾಡ್ಬೋದು. ಅಕ್ಕನ ಬೀದೀಲಿ ಬಾಗಿಲು ಹಾಕೋ ದಿನವೇ ಬರ್ಲಿಲ್ಲ.

ನಾನು ಹೋದ ದಿನ ಸಂಜೆ ಸುಮ್ಮನೆ ಒಂದು ಸುತ್ತು ಹಾಕ್ಕಂಡು ಬಂದೆ. ಒಂದ್ಕಡೆ ಆಲೂಗೆಡ್ಡೇನ ಸುರುಳಿ ಸುರುಳಿಯಾಗಿ ಕೊಯ್ದು, ಕಡ್ಡಿಗೆ ಸಿಕ್ಕಿಸಿ, ಎಣ್ಣೇಲಿ ಬಿಟ್ಟು ಕೊಡ್ತಿದ್ರು. ಒಂದು ಕಡ್ಡಿಗೆ ಒಂದೇ ಗೆಡ್ಡೆ. ಅದಕ್ಕೆ ಕೊಡೋ ದುಡ್ಡಲ್ಲಿ ನಮ್ಮ ಹಾಸನ ಜಿಲ್ಲೆ ರೈತ ಎಷ್ಟು ಕೇಜಿ ಕೊಡ್ಬೇಕು ಅಂತ ಲೆಕ್ಕ ಹಾಕ್ಕಂಡು ನಿಂತೆ. ಹುಡುಗಿ ಒಬ್ಳು ಮೊದಲು ಅದರ ಫೋಟೋ ತೆಗೆದು ಆಮೇಲೆ ತಿಂದ್ಲು. ಆ ಫೋಟೋ ನೋಡಿ ನಾಳೆ ಇನ್ನು ಹತ್ತು ಜನ ಬರ್ತಾರೆ. ನಾನೂ ಏನು ಕಮ್ಮಿ ಇಲ್ಲ. ಪ್ರತಿ ಜನವರೀಲೂ ನರಸೀಪುರಕ್ಕೆ ಬಂದು, "ನಮ್ಮಕ್ಕನ ಮನೆ ಫುಡ್ ಸ್ಟ್ರೀಟಲ್ಲೇ ಇರೋದು" ಅಂತ ಬೀದಿ ತುಂಬ ಹೇಳ್ಕಂಡು ತಿರುಗಿದೋಳೇ ನಾನು. ನನ್ನ ಮಾತು ಕೇಳಿ ಹೋಗಿ ಬಂದೋರು ಎಷ್ಟು ಜನವೋ.

ರಾತ್ರಿ ಅಕ್ಕನ ಮನೇಲಿ ಮಲಗಿದಾಗ ಇನ್ನೊಂದು ಕಡೆ ಕಾಣಿಸ್ತು. ಮುಂದಿನ ಕೋಣೆ ಕಿಟಕಿ ತೆಗೆಯಂಗಿಲ್ಲ, ಕರಿದ ಎಣ್ಣೆ ಹೊಗೆ ಪರದೆಗೆಲ್ಲ ಹತ್ತಿದೆ. ಕಾರಿನ ಹಾರ್ನು, ಬೈಕು, ನಗು, ಜಗಳ. ಹನ್ನೊಂದು ದಾಟಿದ್ಮೇಲೆ ಪಾತ್ರೆ ತೊಳೆಯೋ ಸದ್ದು. ಬೆಳಿಗ್ಗೆ ಎದ್ದು ರಂಗೋಲಿ ಇಡಕ್ಕೆ ಹೋದ್ರೆ ಜಗಲಿ ಮೇಲೆ ಚಟ್ನಿ ಬಟ್ಟಲು, ಕಡ್ಡಿ, ಅರ್ಧ ತಿಂದ ಹೋಳಿಗೆ. ಅಕ್ಕ ಬಿಸಿನೀರು, ಸೋಪಿನ ಪುಡಿ ಹಾಕಿ ಉಜ್ಜಿದ್ರೂ ಕೆಂಪು ಗಾರೆ ಮೇಲೆ ಎಣ್ಣೆ ಕಲೆ ಹೋಗಲ್ಲ. "ರಂಗೋಲಿ ಪುಡಿ ಅಂಟ್ಕಳದೇ ಇಲ್ಲ ಕಣೆ, ಜಾರ್ತದೆ" ಅಂದ್ಲು. ನನಗೆ ಬೇರೆ ಎಲ್ಲಕ್ಕಿಂತ ಆ ಮಾತು ಹೆಚ್ಚು ಸಂಕಟ ಮಾಡ್ತು.

2022ರ ಕೊನೆಯಿಂದ ಆಗಿನ ಬಿಬಿಎಂಪಿಯೋರು ಬೀದಿ ಅಗೆದು, ನಡೆಯೋ ಜಾಗ ಅಗಲ ಮಾಡಿ ಹೊಸದಾಗಿ ಕಟ್ಟಿದ್ರು. ಆಗ ಅಲ್ಲಿ ಮನೆಯೋರು ಪ್ರತಿಭಟನೆ ಮಾಡಿದ್ದೂ ಪೇಪರಲ್ಲಿ ಬಂದಿತ್ತು. ಬೀದಿ ಚೆಂದ ಮಾಡಿದಷ್ಟೂ ಜನ ಜಾಸ್ತಿ, ನಮ್ಮ ಗತಿ ಏನು ಅಂತ ಅವರ ಕೇಳಿಕೆ. ಅದು ನಿಜವೇ. ಗಾಡಿಯೋರ ಕಡೆಗೂ ನ್ಯಾಯ ಇದೆ. 2014ರಲ್ಲಿ ಬೀದಿ ವ್ಯಾಪಾರಿಗಳಿಗೆ ಅಂತಲೇ ಕಾಯ್ದೆ ಬಂದಿದೆ, ಸುಮ್ಮನೆ ಎತ್ತಿ ಓಡಿಸೋ ಹಂಗಿಲ್ಲ. ಒಂದು ಗಾಡಿ ಹಿಂದೆ ಒಂದು ಮನೆ ಉಣ್ಣುತ್ತೆ. ಇಂದೋರಿನಲ್ಲಿ ಸರಾಫಾ ಬಜಾರ್ ಅಂತ ಇದೆ. ಹಗಲೆಲ್ಲ ಒಡವೆ ಅಂಗಡಿ, ಅವು ಬಾಗಿಲು ಹಾಕಿದ್ಮೇಲೆ ಅದೇ ಅಂಗಡಿಗಳ ಮುಂದೆ ರಾತ್ರಿ ತಿಂಡಿ ಬಜಾರು. ಜನ ಓಡಾಡ್ತಿದ್ರೆ ಅಂಗಡಿಗೆ ಕಾವಲಿದ್ದಂಗೆ ಅಂತ ಒಡವೆಯೋರಿಗೂ ಸಮಾಧಾನವಂತೆ. ಮುಚ್ಚಿದ ಅಂಗಡಿಗೆ ನಿದ್ದೆ ಬೇಡ. ಅಕ್ಕನ ಬಾಗಿಲ ಹಿಂದೆ ಇರೋದು ಬಾವ.

ನಾನು ಹೋದ ಮೂರನೇ ದಿನ ಶನಿವಾರ. ರಾತ್ರಿ ಎಂಟೂ ಮುಕ್ಕಾಲಿರ್ಬೇಕು. ಬಾವ ಊಟಕ್ಕೆ ಕೂತೋರು ಎದೆ ಹಿಡ್ಕಂಡ್ರು. ಉಸಿರು ಸಿಕ್ತಿಲ್ಲ, ಮಲಗಿಸಿದ್ರೆ ಇನ್ನೂ ಜಾಸ್ತಿ. ಅಕ್ಕ ಫೋನು ಹಿಡ್ಕಂಡು ಕೈ ನಡುಗಿಸ್ತಾ ನಿಂತಿದ್ಲು. ನಾನು ಆಚೆ ಓಡಿದೆ. ಗೇಟು ತೆಗೆಯಕ್ಕೇ ಆಗ್ಲಿಲ್ಲ, ಅಡ್ಡಡ್ಡ ಎರಡು ಸ್ಕೂಟರು, ಒಂದು ಬೈಕು. ರಸ್ತೆ ತುಂಬ ತಲೆಗಳು. ಜಗಲಿ ಮೇಲೆ ಕೂತು ಗೋಲ್‌ಗಪ್ಪ ತಿಂತಿದ್ದ ಹುಡುಗ್ರು ನನ್ನ ಮುಖ ನೋಡಿದ್ರು. "ಯಾರದಪ್ಪ ಇದು ಗಾಡಿ, ಒಳಗೆ ಒಬ್ರು ಸಾಯ್ತಾವ್ರೆ" ಅಂತ ಕಿರುಚ್ದೆ. ಆಮೇಲೆ ಆ ಮಾತು ನೆನೆದು ನಾನೇ ನಾಲಗೆ ಕಚ್ಕಂಡೆ.

ಮೂಲೇಲಿ ಬಜ್ಜಿ ಗಾಡಿ ಇಟ್ಟಿರೋನು ಒಲೆ ಆರಿಸ್ದ. ಅವನ ಹತ್ರ ಇದ್ದ ಎರಡು ಹುಡುಗ್ರು ಬಂದು ಸ್ಕೂಟರನ್ನ ಬೀಗ ಹಾಕಿದ್ದಂಗೇ ಎತ್ತಿ ಪಕ್ಕಕ್ಕೆ ಇಟ್ರು. ಕಾರು ಒಳಗೆ ಬರೋ ಹಂಗಿಲ್ಲ, ಸರ್ಕಲ್ ತನಕ ಹೊತ್ಕಂಡೇ ಹೋಗ್ಬೇಕು. ಪ್ಲಾಸ್ಟಿಕ್ ಕುರ್ಚೀಲಿ ಬಾವನ್ನ ಕೂರಿಸ್ಕಂಡು ನಾಲ್ಕು ಜನ ಎತ್ತಿದ್ರು. ಗೋಲ್‌ಗಪ್ಪ ತಿಂತಿದ್ದ ಹುಡುಗನೂ ಒಂದು ಕಾಲು ಹಿಡ್ದ. ಬಜ್ಜಿಯೋನು ಮುಂದೆ ಮುಂದೆ ಜಾಲರಿ ಸೌಟಿಂದ ತಟ್ಟೆ ಬಡೀತಾ "ದಾರಿ ಬಿಡಿ, ದಾರಿ ಬಿಡಿ" ಅಂತ ಹೋದ. ಅಷ್ಟು ಜನವೂ ತಟ್ಟೆ ಎತ್ಕಂಡು ಎರಡು ಕಡೆಗೆ ಸರಿದ್ರು. ಸರ್ಕಲ್‌ನಲ್ಲಿ ಆಟೋ ನಿಲ್ಸಿ ಕೂರಿಸಿದ್ರು. ಅಕ್ಕ ಬರಿಗಾಲಲ್ಲಿ ಹತ್ತಿದ್ಲು.

ಎದೇಲಿ ನೀರು ತುಂಬಿತ್ತಂತೆ. ರಾತ್ರೀನೇ ಡಯಾಲಿಸಿಸ್ ಮಾಡಿದ್ರು. ಎರಡು ದಿನ ಇಟ್ಕಂಡು ಕಳಿಸಿದ್ರು. ದೇವರ ದಯ.

ಆಸ್ಪತ್ರೆ ಬೆಂಚಿನ ಮೇಲೆ ಕೂತಾಗ ಅಕ್ಕ ಹೇಳಿದ್ಲು, "ಜಗ್ಲಿ ಕೇಳಿದ್ದು ಅವ್ನೇ ಕಣೆ, ಆ ಬಜ್ಜಿಯೋನು. ಕುಣಿಗಲ್ ಕಡೆಯೋನು. ಮೂರ್ ತಿಂಗ್ಳಿಂದ ಬೈಕಂಡೇ ಇದೀನಿ ಅವ್ನ."

ನನಗೆ ಏನು ಹೇಳ್ಬೇಕು ತೋಚಲಿಲ್ಲ. ಆ ಬೀದಿ ಇಲ್ದಿದ್ರೆ ಮನೆ ಬಾಗಿಲಿಗೇ ಗಾಡಿ ಬರ್ತಿತ್ತು. ಆ ಬೀದಿ ಇದ್ದಿದ್ದಕ್ಕೆ ಎತ್ತಕ್ಕೆ ನಾಲ್ಕು ಜನ ಸಿಕ್ರು. ಎರಡೂ ನಿಜ, ಯಾವುದನ್ನ ಯಾವುದರಲ್ಲಿ ಕಳೀಬೇಕು?

ಪುಣೆಯಿಂದ ಅಕ್ಕನ ಮಗ ಬಂದ. ಅವನಿಗೆ ಮನೆ ಮಾರಿ ಇವರನ್ನ ಕರ್ಕಂಡು ಹೋಗೋ ಆಸೆ. "ಒಳ್ಳೆ ರೇಟು ಬರುತ್ತೆ ಚಿಕ್ಕಮ್ಮ, ನೀವೇ ಹೇಳಿ ಅಮ್ಮಂಗೆ" ಅಂದ. ಅವನು ಹೇಳೋದ್ರಲ್ಲೂ ತಪ್ಪಿಲ್ಲ. ಮಾರಿದ್ರೆ ತಗಳೋನು ಕೆಳಗೆ ಮಳಿಗೆ ಕಟ್ತಾನೆ. ಬಾಡಿಗೆಗೆ ಕೊಟ್ರೂ ಒಂದು ಅಂಗಡಿ ಜಾಸ್ತಿ. ಹೆಂಗೆ ತಿರುಗಿಸಿದ್ರೂ ಬೀದಿ ಒಂದು ಮನೆಯಷ್ಟು ಉದ್ದ ಆಗುತ್ತೆ. ಈಗ ನನಗೆ ಅರ್ಥ ಆಯ್ತು, ತಿಂಡಿ ಬೀದಿ ಆಗೋದು ಹಿಂಗೇ. ಯಾವುದೋ ಆಫೀಸಿನ ನಕ್ಷೆಯಲ್ಲಿ ಗೆರೆ ಎಳೆಯೋದು ಆಮೇಲೆ. ಅದಕ್ಕಿಂತ ಮೊದಲು ಒಂದೊಂದು ಮನೇಲೂ ಯಾರಿಗೋ ಕಾಯಿಲೆ, ಯಾರದೋ ಮದುವೆ, ಯಾರೋ ಊರು ಬಿಟ್ಟು ಹೋದ್ರು. ಒಂದೊಂದೇ ಜಗಲಿ ಒಳಗಿನೋರ ಕೈಬಿಟ್ಟು ಬೀದಿ ಕಡೆಗೆ ಹೋಗುತ್ತೆ.

ನಾನು ಕೊಡಬೇಡ ಅಂದೆ. ರಂಗೋಲಿ, ಹೂವು ಕಟ್ಟಿದ್ದು, ಬಾವನ ಅಮ್ಮ ಅಕ್ಕಿ ಆರಿಸಿದ್ದು ಎಲ್ಲ ಹೇಳಿದೆ. ಅಕ್ಕ ಪೂರ್ತಿ ಕೇಳಿಸ್ಕಂಡ್ಲು. "ನೀನು ವರ್ಷಕ್ಕೊಂದ್ಸಲ ಬಂದು ಜಗ್ಲಿ ನೋಡ್ತೀಯ. ನಾನು ದಿನಾ ತೊಳೀತೀನಿ. ಹೆಂಗೂ ಪುಕ್ಸಟ್ಟೆ ಕೂತ್ಕಂಡು ತಿಂದು ಹೋಯ್ತಾವ್ರೆ, ಬಾಡ್ಗೆ ಬಂದ್ರೆ ಔಷಧಿಗಾದ್ರೂ ಆಯ್ತದೆ" ಅಂದ್ಲು. ನನ್ನ ಬಾಯಿ ಕಟ್ಟೋಯ್ತು. ಕೊಡಬೇಡ ಅನ್ನಕ್ಕೆ ನನ್ನ ಹತ್ರ ಇದ್ದಿದ್ದು ನೆನಪು ಅಷ್ಟೇ. ಅವಳ ಹತ್ರ ಇದ್ದಿದ್ದು ಆಸ್ಪತ್ರೆ ಬಿಲ್ಲು.

ಬಾವ ಮಂಚದ ಮೇಲೇ ದಿಂಬಿಗೆ ಒರಗಿ, ಹಳೇ ಲೆಕ್ಕದ ಪುಸ್ತಕದ ಹಾಳೆ ಹರಿದು ಷರತ್ತು ಬರೆದ್ರು. ಕೈ ನಡುಗ್ತಿತ್ತು, ಅಕ್ಷರ ಮಾತ್ರ ಮುಂಚಿನಂಗೇ ದುಂಡಗೆ. ಬಲಗಡೆ ಜಗಲಿ ಮಾತ್ರ ಅಂಗಡಿಗೆ. ಎಡಗಡೆ ಮನೆಯೋರದು, ಅಲ್ಲಿ ಗಿರಾಕಿ ಕೂರಿಸಂಗಿಲ್ಲ. ಗೇಟಿನ ಮುಂದೆ ನಾಲ್ಕಡಿ ಜಾಗ ಯಾವಾಗ್ಲೂ ಖಾಲಿ, ಯಾರಾದ್ರೂ ಗಾಡಿ ನಿಲ್ಸಿದ್ರೆ ಎತ್ತಿಸೋ ಜವಾಬ್ದಾರಿ ಅಂಗಡಿಯೋನದೇ. ಸಿಲಿಂಡರ್ ಬಾಗಿಲ ಹತ್ರ ಇಡಂಗಿಲ್ಲ. ಕರಿದ ಎಣ್ಣೆ ಚರಂಡಿಗೆ ಸುರಿಯಂಗಿಲ್ಲ. ಅದನ್ನ ಬಯೋಡೀಸೆಲ್ ಮಾಡಕ್ಕೆ ತಗಂಡೋಗೋರು ಇದಾರೆ, ಅವರಿಗೇ ಕೊಡ್ಬೇಕು. ರಾತ್ರಿ ಹತ್ತೂವರೆಗೆ ಒಲೆ ಆರ್ಬೇಕು. ಜಗಲಿ ತೊಳೆಯೋದೂ ಅವನೇ.

ಬಜ್ಜಿಯೋನು ಎಲ್ಲಕ್ಕೂ ಹೂಂ ಅಂದ. ಹತ್ತೂವರೆ ಅಂದಾಗ ಮಾತ್ರ ಒಸಿ ತಲೆ ಕೆರ್ಕಂಡ. "ಶನಿವಾರ ಭಾನುವಾರ ಹನ್ನೊಂದು ಮಾಡ್ಕಳಿ ಸಾರ್" ಅಂದ. ಬಾವ ಆ ಹಾಳೆಯಲ್ಲಿ ಹತ್ತೂಮುಕ್ಕಾಲು ಅಂತ ತಿದ್ದಿದ್ರು.

ಮಗ ಸಿಟ್ಟು ಮಾಡ್ಕಂಡೇ ಪುಣೆಗೆ ಹೋದ. ಒಂದು ವರ್ಷ ನೋಡ್ತೀವಿ ಅಂತ ಅಕ್ಕ ಹೇಳಿದಾಳೆ. ಆ ವರ್ಷ ಇನ್ನೂ ಮುಗಿದಿಲ್ಲ. ಬಾವ ಎಡಗಡೆ ಜಗಲಿ ಮೇಲೆ ಬೆಳಿಗ್ಗೆ ಬಿಸಿಲಿಗೆ ಕೂರ್ತಾರಂತೆ. ಬಾಡಿಗೆ ಐದನೇ ತಾರೀಕಿಗೆ ಬರ್ತದಂತೆ. ಗೇಟಿನ ಮುಂದೆ ಜಾಗ ಖಾಲಿ ಇರ್ತದಂತೆ. ಹತ್ತೂಮುಕ್ಕಾಲು ಮಾತ್ರ ಒಂದೊಂದಿನ ಹನ್ನೊಂದೂಕಾಲು ಆಗುತ್ತಂತೆ, ಆಗ ಅಕ್ಕ ಕಿಟಕಿ ಬಡೀತಾಳಂತೆ.

ನಾನು ಊರಿಗೆ ಬಂದ್ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ನರಸೀಪುರದ ಬೀದೀಲಿ, ನಮ್ಮ ಮನೆ ಕಾಂಪೌಂಡಿಗೆ ಒತ್ತಿದಂಗೆ ಸಂಜೆ ಹೊತ್ತು ಒಬ್ಬ ಹುಡುಗ ಗೋಬಿ ಮಂಚೂರಿ ಗಾಡಿ ಇಡ್ತಾನೆ. ಎಷ್ಟು ದಿನದಿಂದ ಇಡ್ತಿದಾನೋ, ನಾನು ಗಮನಿಸೇ ಇರ್ಲಿಲ್ಲ. ಮೊನ್ನೆ ಅವನ ಪಕ್ಕದಲ್ಲಿ ಇನ್ನೊಂದು ಮೊಟ್ಟೆ ಬೋಂಡ ಗಾಡಿ ಬಂದಿದೆ. ನಮ್ಮೋರು "ಇದನ್ನ ಎತ್ತಿಸ್ಬೇಕು" ಅಂತ ಗೊಣಗಿದ್ರು. ನಾನು ಆಚೆ ಹೋಗಿ, "ಗೇಟು ಒಂದು ಬಿಟ್ಟು ಇಟ್ಕಳಪ್ಪ, ಕರಿದ ಎಣ್ಣೆ ಮೋರಿಗೆ ಸುರೀಬೇಡ" ಅಂತ ಹೇಳಿ ಬಂದೆ. "ಆಯ್ತು ಆಂಟಿ" ಅಂದ. ಎರಡು ದಿನ ಸರಿ ಇತ್ತು. ನಿನ್ನೆ ಸಂಜೆ ನೋಡಿದ್ರೆ ಗೇಟಿಗೆ ಅಡ್ಡ ಮತ್ತೆ ಒಂದು ಸ್ಕೂಟರ್ ನಿಂತಿತ್ತು. ಇವತ್ತು ಇನ್ನೊಂದ್ಸಲ ಹೇಳ್ಬೇಕು.